೬೬-ಎ: ಒಂದು ಶಾಸನವಾಕ್ಯದ ಲಕ್ಷಣಪರೀಕ್ಷೆ

ಶಾಸನವೆಂಬ ಶಬ್ದವನ್ನು ಕೇಳಿದೊಡನೆ ಈ ಪತ್ರಿಕೆಯ ವಾಚಕರಿಗೆ ಹಲ್ಮಿಡಿಯ ಕಲ್ಲೋ ಬಾದಾಮಿಯ ಬಂಡೆಯೋ ನೆನಪಿಗೆ ಬರುವುದು ಸಹಜವು. ಪ್ರಕೃತ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದಾದರೋ ಕಲ್ಲಿನ ಶಾಸನವಲ್ಲ, ಸರ್ಕಾರದ ಶಾಸನ. ೨೦೦೦ನೆಯ ಇಸವಿಯ ಮಾಹಿತಿ ತಂತ್ರಜ್ಞಾನದ ಕಾಯಿದೆಗೆ ೨೦೦೮ರ ತಿದ್ದುಪಡಿಯಿಂದ ಸೇರಿ, ೨೦೦೯ನೆಯ ಅಕ್ಟೋಬರ್ ೨೭ರಿಂದ ಜಾರಿಗೆ ಬಂದು, ೨೦೧೫ನೆಯ ಮಾರ್ಚ್ ೨೪ರಂದು ಸುಪ್ರೀಂ ಕೋರ್ಟಿನ ತೀರ್ಪಿನಿಂದ ಅಸಿಂಧುವಾದ ೬೬-ಎ ಎಂಬ ಕಲಮನ್ನು ಕುರಿತು ನ್ಯಾಯವಾದಿಗಳು ಬಹಳವಾಗಿ ಬರೆದಿರುವರು. ಅಂತರ್ಜಾಲದಲ್ಲಿ ಸರ್ಕಾರ, ವೃತ್ತಪತ್ರಿಕೆ, ಯಂತ್ರವಿದ್ಯೆ, ನ್ಯಾಯಾಲಯ ಇವುಗಳ ವಿಷಯವಾಗಿ ಹಗಲಿರುಳು ನಡೆಯುವ ವಾದಪ್ರತಿವಾದಗಳಲ್ಲಿಯೂ ಈ ಸಂಖ್ಯೆಯು ಪದೇ ಪದೇ ಕೇಳಿಬರುವುದು. ಪದ, ವಾಕ್ಯ, ಪ್ರಮಾಣಗಳನ್ನು ಕಸಬಾಗಿ ಮಾಡಿಕೊಂಡವರು ಮಾತ್ರ ಅದನ್ನು ಅಷ್ಟಾಗಿ ಕೈಗೆತ್ತಿಕೊಂಡಿಲ್ಲ. ಒಂದು ವಾಕ್ಯದ ಶಬ್ದಗಳು ಸಡಿಲವಾಗಿದ್ದುದರಿಂದ ಜನರು ಸೆರೆಮನೆಗೆ ಹೋಗಬೇಕಾಯಿತೆಂದರೆ ಅದು ಶಬ್ದಶಾಸ್ತ್ರದವರಿಗೂ ಸಂಬಂಧಿಸಿದ ವಿಷಯವೆಂದು ನಮ್ಮ ಅಭಿಪ್ರಾಯ.

ಕಲಮಿನ ತಾತ್ಪರ್ಯವನ್ನು ಮೊದಲು ಹೇಳುವೆವು. ಗಣಕಯಂತ್ರದ ಮೂಲಕವಾಗಲಿ ಬೇರೆ ಸಂಪರ್ಕಸಾಧನದ ಮೂಲಕವಾಗಲಿ ಮೂರು ಬಗೆಯ ಸಂದೇಶಗಳನ್ನು ಕಳುಹಿಸುವವನು ಅಪರಾಧಿ. ಅತಿಯಾಗಿ ಮನನೋಯಿಸುವ ಅಥವಾ ಬೆದರಿಸುವ ಸ್ವಭಾವದ ಸಂದೇಶವು ಮೊದಲನೆಯದು. ಸುಳ್ಳೆಂದು ತಿಳಿದೂ, ಬೇಸರ, ಅನಾನುಕೂಲ, ಅಪಾಯ, ಅಡ್ಡಿ, ಅವಮಾನ, ಹಾನಿ, ಬೆದರಿಕೆ, ವೈರ, ದ್ವೇಷ, ವೈಮನಸ್ಯ ಇವುಗಳನ್ನುಂಟುಮಾಡುವ ಉದ್ದೇಶದಿಂದ ಬಿಡದೆ ಕಳುಹಿಸಿದ್ದು ಎರಡನೆಯದು. ಬೇಸರವನ್ನೋ ಅನಾನುಕೂಲವನ್ನೋ ಉಂಟುಮಾಡಲು, ಅಥವಾ ಎಲ್ಲಿಂದ ಬಂದಿತೆಂಬುದನ್ನು ಮರೆಮಾಚಿ ವಂಚಿಸಲು ಕಳುಹಿಸಿದ ವಿದ್ಯುದಂಚೆಯು ಮೂರನೆಯದು. ಮೂರಕ್ಕೂ ಶಿಕ್ಷೆಯೊಂದೇ: ಮೂರು ವರ್ಷಗಳವರೆಗೆ ಸೆರೆ, ಜೊತೆಗೆ ಜುಲ್ಮಾನೆ.

ಲಕ್ಷಣವೆಂದರೆ ಅಸಾಧಾರಣಧರ್ಮವೆಂಬುದು ತರ್ಕದ ಮೊದಲ ಪಾಠವನ್ನು ಓದಿದವರೆಲ್ಲರೂ ಬಲ್ಲ ಸಂಗತಿ. ಗೋವಿಗೆ ಕೊಂಬುಳ್ಳದ್ದೆಂದು ಲಕ್ಷಣ ಹೇಳಿದರೆ ಅದು ಎಮ್ಮೆಗೂ ತಗಲುವುದು, ಇದು ಅತಿವ್ಯಾಪ್ತಿ. ಕಪಿಲವರ್ಣದ್ದೆಂದರೆ ಬಿಳಿಯ ಗೋವು ಹೊರಗುಳಿಯುವುದು, ಇದು ಅವ್ಯಾಪ್ತಿ. ಒಂಟಿಗೊರಸಿನದೆಂದರೆ ಯಾವ ಗೋವಿಗೂ ಹೊಂದದು, ಇದು ಅಸಂಭವ. ಅಪರಾಧದ ಲಕ್ಷಣವನ್ನು ಬರೆಯುವವನಿಗೆ ಈ ಮೂರು ದೋಷಗಳ ಭಯವು ಗೋಲಕ್ಷಣವನ್ನು ಬರೆಯುವವನಿಗಿಂತ ಹೆಚ್ಚಾಗಿರಬೇಕು. ಏಕೆಂದರೆ ಎಮ್ಮೆಯನ್ನು ಗೋವೆಂದು ಕರೆದರೆ ಎಮ್ಮೆಗೆ ನಷ್ಟವೇನೂ ಇಲ್ಲ.

೬೬-ಎ ಕಲಮಿನ ಅತಿವ್ಯಾಪ್ತಿಯು ಊಹೆಯ ಮಾತಲ್ಲ, ಕಣ್ಣಾರೆ ಕಂಡದ್ದು. ೨೦೧೨ನೆಯ ಏಪ್ರಿಲ್‌ನಲ್ಲಿ ಕಲ್ಕತ್ತೆಯ ಪ್ರಾಧ್ಯಾಪಕರೊಬ್ಬರು ಮುಖ್ಯಮಂತ್ರಿಗಳನ್ನು ಕುರಿತ ಒಂದು ವ್ಯಂಗ್ಯಚಿತ್ರವನ್ನು ವಿದ್ಯುದಂಚೆಯಲ್ಲಿ ಇತರರಿಗೆ ಕಳುಹಿಸಿದುದಕ್ಕಾಗಿ ಬಂಧಿತರಾದರು; ಆ ಮೊಕದ್ದಮೆಯಿಂದ ಅವರಿಗೆ ಬಿಡುಗಡೆಯಾದುದು ೨೦೨೩ನೆಯ ಜನವರಿಯಲ್ಲಿ. ಅದೇ ೨೦೧೨ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರಿನ ತರುಣಿಯೊಬ್ಬಳು, ಒಬ್ಬ ರಾಜಕೀಯ ನಾಯಕರ ಮರಣಾನಂತರ ಮುಂಬಯಿಯು ಸ್ತಬ್ಧವಾದುದು ಏಕೆಂದು ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿದಳು. ಆಕೆಯ ಗೆಳತಿಯು ಆ ಮಾತಿಗೆ ಮೆಚ್ಚಿಗೆಯ ಗುರುತನ್ನು ಒತ್ತಿದಳು. ಇಬ್ಬರೂ ಬಂಧಿತರಾದರು. ಪೋಲೀಸರು ಹಾಕಿದ ಕಲಮುಗಳಲ್ಲಿ ಇದೂ ಒಂದು. ಮನನೋಯಿಸುವುದೆಂಬ ಕೊಂಬು ಎಷ್ಟು ಎಮ್ಮೆಗಳಿಗೆ ಇರಬಲ್ಲುದೆಂಬುದಕ್ಕೆ ಇವೆರಡು ಉದಾಹರಣೆಗಳು ಸಾಕು.

ಅತಿವ್ಯಾಪ್ತಿಯನ್ನು ಎಲ್ಲರೂ ಹೇಳಿರುವರು. ಅವ್ಯಾಪ್ತಿಯನ್ನು ಹೇಳಿದವರು ವಿರಳ. ಅಂತರ್ಜಾಲದಲ್ಲಿ ಒಬ್ಬ ವ್ಯಕ್ತಿಯ ಮೇಲೆ ಸಾವಿರಾರು ಜನರು ಒಟ್ಟಾಗಿ ಬೀಳುವುದುಂಟು. ಅವರಲ್ಲಿ ಒಬ್ಬೊಬ್ಬನ ಸಂದೇಶವನ್ನೂ ಬೇರೆ ಬೇರೆಯಾಗಿ ತೆಗೆದು ನೋಡಿದರೆ ಅದರಲ್ಲಿ ಬೆದರಿಕೆಯೂ ಇರದು, ಅತಿಶಯವಾದ ನಿಂದೆಯೂ ಇರದು. ಬಿಡದೆ ಕಳುಹಿಸಿದನೆಂದು ಹೇಳಲು ಒಬ್ಬೊಬ್ಬನು ಕಳುಹಿಸಿದ್ದು ಒಂದೊಂದೇ. ಸಮುದಾಯದಲ್ಲಿ ಮಾತ್ರ ಕಾಣುವ ಈ ದೋಷವನ್ನು ಪ್ರತ್ಯೇಕವಾಕ್ಯವನ್ನೇ ನೋಡುವ ಕಲಮು ಹಿಡಿಯಲಾರದು. ಹೀಗೆ ಯಾವುದನ್ನು ತಡೆಯಬೇಕಾಗಿತ್ತೋ ಅದು ಹೊರಗೆ, ಯಾವುದನ್ನು ಬಿಡಬೇಕಾಗಿತ್ತೋ ಅದು ಒಳಗೆ ಎಂಬಂತಾಯಿತು.

ಎರಡನೆಯ ಬಗೆಯಲ್ಲಿ ಬರುವ ಹತ್ತು ಶಬ್ದಗಳ ಮಾಲೆಯನ್ನು ವಾಚಕರು ಇನ್ನೊಮ್ಮೆ ನೋಡಬೇಕು. ನಾಯಿ, ಯುವಕ, ಇಂದ್ರ ಈ ಮೂವರನ್ನೂ ಪಾಣಿನಿಯು ಒಂದೇ ಸೂತ್ರದಲ್ಲಿ ಪೋಣಿಸಿದನೆಂದು ರಸಿಕರು ಹಾಸ್ಯ ಮಾಡುವುದುಂಟು. ಆದರೆ ಪಾಣಿನಿಗೆ ಅದಕ್ಕೆ ಕಾರಣವಿದ್ದಿತು: ಆ ಮೂರು ಶಬ್ದಗಳಿಗೂ ಆಗುವ ಕಾರ್ಯವು ಒಂದೇ, ಸಂಪ್ರಸಾರಣ. ನಮ್ಮ ಶಾಸನಕಾರರು ಅನಾನುಕೂಲವನ್ನೂ ವೈರವನ್ನೂ ಒಂದೇ ದಾರದಲ್ಲಿ ಪೋಣಿಸಿ ಎರಡಕ್ಕೂ ಮೂರು ವರ್ಷದ ಕಾರ್ಯವನ್ನು ವಿಧಿಸಿದರು. ಇಲ್ಲಿ ಕಾರ್ಯಸಾಮ್ಯಕ್ಕೆ ನಿಮಿತ್ತವಾದರೂ ಏನು? ಅನಾನುಕೂಲವಾಗುವುದು ಮಳೆ ಬಂದರೂ ಆಗುವುದು.

ಈ ಶಬ್ದಗಳು ಎಲ್ಲಿಂದ ಬಂದುವೆಂಬ ಪಾಠಪರಂಪರೆಯ ವಿಚಾರವು ಇನ್ನೂ ಸ್ವಾರಸ್ಯವಾದುದು. ೧೯೩೫ರಲ್ಲಿ ಇಂಗ್ಲೆಂಡಿನ ಅಂಚೆಯ ಕಾಯಿದೆಗೆ ಮಾಡಿದ ತಿದ್ದುಪಡಿಯಲ್ಲಿ ಇವುಗಳ ಮೂಲವನ್ನು ಕಾಣಬಹುದು. ಟೆಲಿಫೋನಿನ ಮೂಲಕ ಅತಿಯಾಗಿ ಮನನೋಯಿಸುವ, ಅಶ್ಲೀಲವಾದ ಅಥವಾ ಬೆದರಿಸುವ ಮಾತನ್ನು ಕಳುಹಿಸುವುದೂ, ಸುಳ್ಳೆಂದು ತಿಳಿದ ಸುದ್ದಿಯಿಂದ ಬೇಸರ, ಅನಾನುಕೂಲ, ವೃಥಾ ಆತಂಕಗಳನ್ನುಂಟುಮಾಡುವುದೂ ಅಲ್ಲಿ ಅಪರಾಧಗಳು. ಅದು ೧೯೫೩ರ ಅಂಚೆ ಕಾಯಿದೆಯಲ್ಲಿ ೬೬ನೆಯ ಕಲಮಾಗಿ ಕುಳಿತಿತು (ಈ ಸಂಖ್ಯಾಸಾಮ್ಯವು ಕಾಕತಾಳೀಯವೆಂದೇ ತೋರುವುದು). ಮುಂದೆ ೧೯೬೯ರ ಮತ್ತು ೧೯೮೪ರ ಕಾಯಿದೆಗಳನ್ನು ಹಾದು ೨೦೦೩ರ ಸಂಪರ್ಕ ಕಾಯಿದೆಯ ೧೨೭ನೆಯ ಕಲಮಾಯಿತು. ಅಲ್ಲಿಯ ಪದಪುಂಜಗಳೇ ಹೆಚ್ಚುಕಡಿಮೆ ನಮ್ಮ ೬೬-ಎ ಕಲಮಿಗೆ ಇಳಿದುವು.

ಮೀಮಾಂಸೆಯಲ್ಲಿ ಇದಕ್ಕೆ ಅತಿದೇಶವೆಂದು ಹೆಸರು. ಪ್ರಕೃತಿಯಾಗದ ಅಂಗಗಳನ್ನು ವಿಕೃತಿಯಾಗಕ್ಕೆ ಒಯ್ಯುವಾಗ ಎರಡು ಎಚ್ಚರಗಳು ಬೇಕು. ದೇವತೆ ಬೇರೆಯಾದರೆ ಮಂತ್ರದಲ್ಲಿ ಅಗ್ನಿಯ ಹೆಸರಿದ್ದ ಕಡೆ ಸೂರ್ಯನ ಹೆಸರನ್ನು ಹೇಳಬೇಕು, ಇದು ಊಹ. ಪ್ರಯೋಜನವಿಲ್ಲದ ಅಂಗವನ್ನು ಬಿಡಬೇಕು, ಇದು ಬಾಧ. ಭತ್ತದ ಬದಲು ಚಿನ್ನದ ತುಣುಕುಗಳನ್ನು ಬೇಯಿಸುವ ಕೃಷ್ಣಲಚರುವಿನಲ್ಲಿ ಕುಟ್ಟುವ ಕೆಲಸವಿಲ್ಲ, ಚಿನ್ನಕ್ಕೆ ಹೊಟ್ಟಿಲ್ಲವಷ್ಟೆ. ಟೆಲಿಫೋನಿನ ಮಾತಾದರೋ ಒಬ್ಬನಿಂದ ಒಬ್ಬನಿಗೆ ಹೋಗುವ ಮಾತು. ಕೇಳುವವನು ತನ್ನ ಮನೆಯಲ್ಲಿಯೇ ಇರುವನು, ಅವನಿಗೆ ಬೇಡವಾದ ಮಾತು ಅವನ ಕಿವಿಗೇ ನೇರವಾಗಿ ಬಂದು ಬೀಳುವುದು. ಆದುದರಿಂದ ಅವನ ಬೇಸರವನ್ನು ಶಾಸನವು ಗಣಿಸಿದುದರಲ್ಲಿ ಅರ್ಥವಿದ್ದಿತು. ಅಂತರ್ಜಾಲದ ಬರಹವಾದರೋ ಬಹುಪಾಲು ಬಯಲಿನಲ್ಲಿ ಆಡಿದ ಮಾತು. ಅದಕ್ಕೆ ನಿಯತನಾದ ಶ್ರೋತೃವೇ ಇಲ್ಲ. ಯಾರ ಬೇಸರವನ್ನು ಅಳೆಯಬೇಕು? ಪ್ರಕೃತಿಯಲ್ಲಿದ್ದ ಈ ಶ್ರೋತೃವಿಶೇಷವು ವಿಕೃತಿಯಲ್ಲಿ ಮಾಯವಾಗಿದ್ದರೂ ಅವನ ಬೇಸರವನ್ನು ಮಾತ್ರ ಹಾಗೆಯೇ ಹೊತ್ತುತಂದರು. ಊಹವೂ ಇಲ್ಲ, ಬಾಧವೂ ಇಲ್ಲ. ಚಿನ್ನವನ್ನು ಒರಳಿಗೆ ಹಾಕಿ ಕುಟ್ಟಿದರು. ಕಲಮಿನ ಮೂಲದೋಷವು ಇದೆಂದೂ ಉಳಿದವೆಲ್ಲವೂ ಇದರಿಂದ ಹುಟ್ಟಿದುವೆಂದೂ ನಮಗೆ ತೋರುವುದು.

ಇನ್ನು ತೀರ್ಪು. ಶ್ರೇಯಾ ಸಿಂಘಲ್ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ವ್ಯಾಜ್ಯವನ್ನು ತೀರ್ಮಾನಿಸಿದವರು ನ್ಯಾಯಮೂರ್ತಿ ಚೆಲಮೇಶ್ವರ್ ಮತ್ತು ನ್ಯಾಯಮೂರ್ತಿ ನಾರಿಮನ್. ತೀರ್ಪನ್ನು ಬರೆದವರು ಎರಡನೆಯವರು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮಾತನ್ನು ಮೂರಾಗಿ ವಿಂಗಡಿಸಿ, ಮೊದಲಿನೆರಡು ಎಷ್ಟು ಅಪ್ರಿಯವಾಗಿದ್ದರೂ ಶಿಕ್ಷಾರ್ಹವಲ್ಲ, ಪ್ರಚೋದನೆಯ ಮಟ್ಟವನ್ನು ಮುಟ್ಟಿದಾಗಲೇ ೧೯ (೨)ನೆಯ ಅನುಚ್ಛೇದದ ನಿರ್ಬಂಧಗಳಿಗೆ ಅವಕಾಶವೆಂದು ಅವರು ನಿರ್ಣಯಿಸಿದರು. ಶಬ್ದಗಳು ಅಸ್ಪಷ್ಟವೆಂಬುದಕ್ಕೆ ಅವರು ಕೊಟ್ಟ ಯುಕ್ತಿಯು ಬಹಳ ಸೊಗಸಾಗಿದೆ. ಇಂಗ್ಲೆಂಡಿನ ಎರಡು ಮೊಕದ್ದಮೆಗಳನ್ನು ಅವರು ಎತ್ತಿಕೊಂಡರು. ಒಂದರಲ್ಲಿ ಕೆಳಗಿನ ನ್ಯಾಯಾಲಯಗಳು ಅತಿಯಾಗಿ ಮನನೋಯಿಸುವುದಲ್ಲವೆಂದ ಮಾತನ್ನು ಮೇಲಿನ ನ್ಯಾಯಪೀಠವು ಹೌದೆಂದಿತು. ಇನ್ನೊಂದರಲ್ಲಿ ಕೆಳಗಿನವರು ಬೆದರಿಕೆಯೆಂದುದನ್ನು ಮೇಲಿನವರು ಅಲ್ಲವೆಂದರು. ನ್ಯಾಯಶಾಸ್ತ್ರದಲ್ಲಿ ಪಳಗಿದ ಬುದ್ಧಿಗಳೇ ಒಂದೇ ವಾಕ್ಯದಲ್ಲಿ ವಿರುದ್ಧಾರ್ಥಗಳನ್ನು ಕಂಡರೆ ಠಾಣೆಯ ಅಧಿಕಾರಿಯು ಏನನ್ನು ಕಾಣಬೇಕು, ಬರೆಯುವ ಪ್ರಜೆಯು ಹೇಗೆ ಎಚ್ಚರವಾಗಿರಬೇಕು ಎಂಬುದು ಅವರ ಪ್ರಶ್ನೆಯ ಸಾರ.

ಅಂತರ್ಜಾಲದ ಚರ್ಚೆಗಳಲ್ಲಿ ಸ್ವಲ್ಪ ಸಂಸ್ಕೃತವನ್ನು ಬಲ್ಲವರು ಈ ಮೂರನ್ನು ಗೌತಮನ ವಾದ, ಜಲ್ಪ, ವಿತಂಡಗಳೊಡನೆ ಸರಿಗಟ್ಟಿ ಹೆಮ್ಮೆಪಡುವುದನ್ನು ನೋಡಿದ್ದೇವೆ. ಈ ಸಾಮ್ಯವು ನಿಲ್ಲದು. ತತ್ತ್ವವನ್ನು ತಿಳಿಯಬೇಕೆಂಬ ಮಾತು ವಾದ. ಗೆಲ್ಲಬೇಕೆಂಬ ಮಾತು ಜಲ್ಪ. ತನ್ನ ಪಕ್ಷವನ್ನೇ ಸ್ಥಾಪಿಸದೆ ಎದುರಿನವನದನ್ನು ಕೆಡವುವುದು ವಿತಂಡ. ಮೂರೂ ಕಥೆಯ ಭೇದಗಳೇ. ವೈತಂಡಿಕನು ಅಪರಾಧಿಯಲ್ಲ. ಶಾಸ್ತ್ರವು ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಎಣಿಸಿದೆ. ಅವುಗಳಲ್ಲಿ ಸಿಕ್ಕಿದವನು ಸೋತನೆನಿಸುವನು, ಅವನನ್ನು ಯಾರೂ ಸೆರೆಗೆ ಹಾಕುವುದಿಲ್ಲ. ಹೊಸ ಕಂಬಳಿಯುಳ್ಳವನನ್ನು ನವಶಬ್ದದ ಬಲದಿಂದ ಒಂಬತ್ತು ಕಂಬಳಿಗಳೆಲ್ಲಿ ಎಂದು ಕೇಳುವ ವಾಕ್ಛಲವು ಈಗ ದಿನಕ್ಕೆ ಲಕ್ಷಾವಧಿಯಾಗಿ ನಡೆಯುವುದು: ಒಬ್ಬರ ಭಾಷಣದ ಒಂದು ತುಂಡನ್ನು ಕತ್ತರಿಸಿ, ಹಿಂದುಮುಂದಿಲ್ಲದೆ ತೋರಿಸಿ, ಅರ್ಥಾಂತರವನ್ನು ಕಟ್ಟುವುದೆಂದರೆ ಅದೇ. ಇದು ಅಸಹ್ಯವೇ ಸರಿ. ಆದರೂ ಸುಪ್ರೀಂ ಕೋರ್ಟಿನ ವಿಂಗಡಣೆಯಲ್ಲಿ ಇದು ಚರ್ಚೆಯ ಪಾಲಿಗೇ ಸೇರುವುದು. ಪ್ರಚೋದನೆಯೆಂಬುದು ಕಥೆಯ ಹೊರಗಿನ ಕ್ರಿಯೆ. ಗೌತಮನು ಅದಕ್ಕೆ ಲಕ್ಷಣ ಹೇಳಲಿಲ್ಲ.

ತೀರ್ಪಿನಲ್ಲಿ ಕೊರತೆಯಿಲ್ಲವೆ? ಇದೆ. ಬರಹಗಳನ್ನು ಜನರ ಕಣ್ಣಿಗೆ ಬೀಳದಂತೆ ತಡೆಯಲು ಸರ್ಕಾರಕ್ಕೆ ಅಧಿಕಾರ ಕೊಡುವ ೬೯-ಎ ಕಲಮನ್ನೂ ೨೦೦೯ರ ಅದರ ನಿಯಮಗಳನ್ನೂ ನ್ಯಾಯಪೀಠವು ಬಹುಬೇಗನೆ ಎತ್ತಿಹಿಡಿದು ಮುಂದೆ ಸಾಗಿತು. ಬರೆದ ವ್ಯಕ್ತಿಯನ್ನು ಅಥವಾ ಮಧ್ಯವರ್ತಿ ಸಂಸ್ಥೆಯನ್ನು ಗುರುತಿಸಿ ನೋಟೀಸು ಕೊಡಬೇಕೆಂದು ಆ ನಿಯಮಗಳು ಹೇಳುವುವು. ಈ ‘ಅಥವಾ’ ಎಂಬ ಶಬ್ದದ ಮುಂದೆ ಮೀಮಾಂಸಕನಾದವನು ನಿಲ್ಲದೆ ಹೋಗಲಾರನು. ವಿಕಲ್ಪವು ಅಷ್ಟದೋಷದುಷ್ಟವೆಂದು, ಗತ್ಯಂತರವಿದ್ದಲ್ಲಿ ಅದನ್ನು ಆಶ್ರಯಿಸಬಾರದೆಂದು ನಮ್ಮವರ ನಿಲುವು. ಸಂಸ್ಥೆಗೆ ಮಾತ್ರ ತಿಳಿಸಿದರೆ ನಿಯಮವು ಪಾಲಿತವಾಯಿತೆಂದಾಗುವುದು. ಬರೆದವನಿಗೆ ತನ್ನ ಬರಹವು ಏಕೆ ಮಾಯವಾಯಿತೆಂಬುದೇ ತಿಳಿಯದು. ದೂರುಗಳ ಮತ್ತು ಕ್ರಮಗಳ ವಿಷಯದಲ್ಲಿ ಕಟ್ಟುನಿಟ್ಟಾದ ಗೋಪ್ಯವನ್ನು ಕಾಪಾಡಬೇಕೆಂಬ ಇನ್ನೊಂದು ನಿಯಮವೂ ಜೊತೆಗಿದೆ. ಪೂರ್ವಪಕ್ಷಿಗೆ ತಾನು ಪೂರ್ವಪಕ್ಷಿಯೆಂಬುದೇ ಗೊತ್ತಿಲ್ಲದೆ ಸಿದ್ಧಾಂತವು ಮುಗಿದುಹೋಗುವ ಗ್ರಂಥವನ್ನು ನಾವು ಓದಿಲ್ಲ. ೬೬-ಎ ಕಲಮಿನ ಒಂದೊಂದು ಶಬ್ದವನ್ನೂ ಅಷ್ಟು ಸೂಕ್ಷ್ಮವಾಗಿ ಸೋಸಿದ ಲೇಖನಿಯು ಇಲ್ಲಿ ಈ ಒಂದು ಅವ್ಯಯವನ್ನು ಸೋಸದೆ ಬಿಟ್ಟುದು ಶೋಚನೀಯವು.

ತೀರ್ಪಿನ ಅನಂತರದ ಕಥೆಯು ಪಾಠಸಂಶೋಧಕರಿಗೆ ವಿಶೇಷವಾಗಿ ಪರಿಚಿತವಾದ ಜಾತಿಯದು. ಓಲೆಯಲ್ಲಿ ಲಿಪಿಕಾರನೊಬ್ಬನು ತಪ್ಪಿದ ಅಕ್ಷರಕ್ಕೆ ಹೊಡೆದುಹಾಕಿದ ಗುರುತನ್ನು ಮಾಡಿರುವನು. ಮುಂದೆ ಪ್ರತಿಮಾಡುವವನು ಗುರುತನ್ನು ನೋಡದೆ ಅಕ್ಷರವನ್ನೇ ನಕಲು ಮಾಡುವನು. ೬೬-ಎ ಕಲಮು ೨೦೧೫ರಲ್ಲಿ ಸತ್ತಿತಷ್ಟೆ. ಆದರೂ ೨೦೨೧ನೆಯ ಮಾರ್ಚ್ ೧೦ರ ಹೊತ್ತಿಗೆ ಹನ್ನೊಂದು ರಾಜ್ಯಗಳ ಜಿಲ್ಲಾ ನ್ಯಾಯಾಲಯಗಳಲ್ಲಿ ಅದರ ಮೇಲಿನ ಸುಮಾರು ೭೪೫ ಮೊಕದ್ದಮೆಗಳು ನಡೆಯುತ್ತಲೇ ಇದ್ದುವೆಂದು ಪಿ. ಯು. ಸಿ. ಎಲ್. ಸಂಸ್ಥೆಯವರು ಸುಪ್ರೀಂ ಕೋರ್ಟಿಗೆ ಅರಿಕೆಮಾಡಿದರು. ೨೦೨೧ನೆಯ ಜುಲೈ ೫ರಂದು ವಿಚಾರಣೆಯಾದಾಗ ಅಂದಿನ ಅಟಾರ್ನಿ ಜನರಲ್ ವೇಣುಗೋಪಾಲರು ಕೊಟ್ಟ ವಿವರಣೆಯು ಚಿಂತನಾರ್ಹವಾದುದು: ಕಾಯಿದೆಯ ಪುಸ್ತಕದಲ್ಲಿ ಕಲಮು ಹಾಗೆಯೇ ಅಚ್ಚಾಗಿದೆ, ಅದು ಅಸಿಂಧುವೆಂಬುದು ಅಡಿಟಿಪ್ಪಣಿಯಲ್ಲಿದೆ, ಪೋಲೀಸು ಅಧಿಕಾರಿಯು ಅಡಿಟಿಪ್ಪಣಿಯನ್ನು ನೋಡುವುದಿಲ್ಲ. ಅಡಿಟಿಪ್ಪಣಿಗಳನ್ನು ಬರೆಯುವುದರಲ್ಲಿ ಆಯುಸ್ಸನ್ನು ಕಳೆದ ಈ ಪತ್ರಿಕೆಯ ಲೇಖಕವರ್ಗಕ್ಕೆ ಈ ಮಾತು ಹೊಸದಾಗಿ ಕೇಳಿಸದು! ಆದರೆ ನಮ್ಮ ಟಿಪ್ಪಣಿಯನ್ನು ಓದದಿದ್ದರೆ ಒಂದು ಪದ್ಯಕ್ಕೆ ಅಪಾರ್ಥವಾಗುವುದು, ಅಷ್ಟೆ. ಆ ಟಿಪ್ಪಣಿಯನ್ನು ಓದದಿದ್ದರೆ ಒಬ್ಬ ಮನುಷ್ಯನು ವಕೀಲರನ್ನು ಹುಡುಕಿಕೊಂಡು ಅಲೆಯಬೇಕಾಗುವುದು. ಅದೇ ಜುಲೈ ೧೪ರಂದು ಕೇಂದ್ರದ ಗೃಹಖಾತೆಯು ಈ ಕಲಮಿನಲ್ಲಿ ಮೊಕದ್ದಮೆ ಹೂಡಕೂಡದೆಂದು ರಾಜ್ಯಗಳಿಗೆ ಬರೆಯಿತು. ೨೦೨೨ನೆಯ ಅಕ್ಟೋಬರ್ ೧೨ರಂದು ಸುಪ್ರೀಂ ಕೋರ್ಟು ಯಾರನ್ನೂ ಇದರಡಿಯಲ್ಲಿ ವಿಚಾರಣೆಗೆ ಗುರಿಪಡಿಸಬಾರದೆಂದು ಇನ್ನೊಮ್ಮೆ ಆಜ್ಞಾಪಿಸಬೇಕಾಯಿತು. ಹೊಡೆದುಹಾಕಿದ ಪಾಠವನ್ನು ಮೂಲದಿಂದಲೇ ತೆಗೆಯದೆ ಟಿಪ್ಪಣಿಗೆ ತಳ್ಳುವ ಸಂಪಾದನಕ್ರಮವು ಕಾವ್ಯಕ್ಕೆ ಒಪ್ಪುವುದು, ದಂಡನೀತಿಗೆ ಒಪ್ಪದು.

ಬೇಸರ, ಅನಾನುಕೂಲಗಳೆಂಬ ಶಬ್ದಗಳು ಹೋದ ಮೇಲೆ ಅವುಗಳ ಸ್ಥಾನಕ್ಕೆ ನಕಲಿ, ಸುಳ್ಳು, ದಾರಿತಪ್ಪಿಸುವ ಎಂಬ ಬೇರೊಂದು ತ್ರಯವು ಬಂದಿತು. ೨೦೨೩ನೆಯ ಏಪ್ರಿಲ್‌ನ ನಿಯಮಗಳ ಪ್ರಕಾರ, ಕೇಂದ್ರ ಸರ್ಕಾರದ ವ್ಯವಹಾರವನ್ನು ಕುರಿತ ಬರಹವು ಈ ಮೂರರಲ್ಲೊಂದೆಂದು ಸರ್ಕಾರವೇ ನೇಮಿಸಿದ ಸತ್ಯಶೋಧನಾ ಘಟಕವು ಗುರುತಿಸಿದರೆ, ಅದನ್ನು ಉಳಿಸಿಕೊಂಡ ಸಂಸ್ಥೆಗೆ ಕಾನೂನಿನ ರಕ್ಷಣೆಯು ತಪ್ಪುವ ಸಂಭವವಿದ್ದಿತು. ಬೊಂಬಾಯಿ ಹೈಕೋರ್ಟಿನಲ್ಲಿ ೨೦೨೪ನೆಯ ಜನವರಿ ೩೧ರಂದು ಇಬ್ಬರು ನ್ಯಾಯಮೂರ್ತಿಗಳು ಭಿನ್ನಾಭಿಪ್ರಾಯಪಟ್ಟರು. ಮೂರನೆಯವರಾದ ನ್ಯಾಯಮೂರ್ತಿ ಚಂದೂರ್ಕರರು ಸೆಪ್ಟೆಂಬರ್ ೨೦ರಂದು ನಿಯಮವು ನಿಲ್ಲದೆಂಬ ಪಕ್ಷವನ್ನು ಹಿಡಿದರು.

ಪ್ರಾಮಾಣ್ಯವಾದವನ್ನು ಓದಿದವನಿಗೆ ಇಲ್ಲಿ ಕಾಣುವ ದೋಷವೇ ಬೇರೆ. ಜ್ಞಾನದ ಪ್ರಾಮಾಣ್ಯವು ಸ್ವತಃ ಎಂದು ಮೀಮಾಂಸಕರು, ಪರತಃ ಎಂದು ನೈಯಾಯಿಕರು ಶತಮಾನಗಳಿಂದ ಕಾದಾಡಿರುವರು. ಆದರೆ ಅಪ್ರಾಮಾಣ್ಯವು ಪರತಃ ಎಂಬುದರಲ್ಲಿ ಇಬ್ಬರಿಗೂ ವಿವಾದವಿಲ್ಲ. ಒಂದು ಮಾತನ್ನು ಸುಳ್ಳೆನ್ನಬೇಕಾದರೆ ಬಾಧಕವಾದ ಜ್ಞಾನವನ್ನು ತೋರಿಸಬೇಕು, ಇಲ್ಲವೆ ಆ ಮಾತು ಹುಟ್ಟಿದ ಕಾರಣದಲ್ಲಿ ದೋಷವನ್ನು ತೋರಿಸಬೇಕು. ೨೦೨೩ರ ನಿಯಮವು ಇವೆರಡರಲ್ಲಿ ಯಾವುದನ್ನೂ ತೋರಿಸಬೇಕೆಂದು ವಿಧಿಸಲಿಲ್ಲ, ಗುರುತಿಸಿದರೆ ಸಾಕೆಂದಿತು. ವಾದಿಯೇ ಮಧ್ಯಸ್ಥನೂ ಆದನು. ಮೂರನೆಯ ಶಬ್ದವಂತೂ ಇನ್ನೂ ದುರ್ಗ್ರಹ. ಸುಳ್ಳು ವಾಕ್ಯದ ಧರ್ಮ. ದಾರಿತಪ್ಪುವುದು ಓದುಗನ ಧರ್ಮ. ಪ್ರತಿಯೊಂದು ಶಬ್ದವೂ ನಿಜವಾದ ವಾಕ್ಯದಿಂದಲೂ ಒಬ್ಬನು ದಾರಿತಪ್ಪಬಹುದು. ಇಷ್ಟನ್ನು ಹೇಳಿ, ಸುಳ್ಳುಸುದ್ದಿಯಿಂದ ಕೊಲೆಗಳೂ ಗಲಭೆಗಳೂ ನಡೆದಿರುವುದನ್ನು ನಾವು ಅಲ್ಲಗಳೆಯುತ್ತಿಲ್ಲ. ರೋಗವು ನಿಜ. ಲಕ್ಷಣವನ್ನು ಸರಿಯಾಗಿ ಹೇಳದೆ ಔಷಧವನ್ನು ಕೊಡುವುದು ವೈದ್ಯವಲ್ಲವೆಂದಷ್ಟೇ ನಮ್ಮ ತಕರಾರು.

ನಮ್ಮ ನಾಡಿನ ವಿಷಯವನ್ನೂ ಹೇಳದೆ ಮುಗಿಸಲಾಗದು. ೨೦೨೫ನೆಯ ಸೆಪ್ಟೆಂಬರ್ ೨೪ರಂದು ಕರ್ನಾಟಕ ಹೈಕೋರ್ಟು ಎಕ್ಸ್ ಸಂಸ್ಥೆಯ ಅರ್ಜಿಯನ್ನು ವಜಾಮಾಡುತ್ತ, ಶ್ರೇಯಾ ಸಿಂಘಲ್ ತೀರ್ಪು ೨೦೧೧ರ ನಿಯಮಗಳನ್ನು ಕುರಿತು ಹೇಳಿದುದನ್ನು ೨೦೨೧ರ ನಿಯಮಗಳಿಗೆ ಹಾಗೆಯೇ ಒಯ್ಯಲಾಗದೆಂದಿತು. ಪ್ರಶ್ನೆಯು ಮತ್ತೆ ಅತಿದೇಶದ್ದೇ. ಅಂಗವು ವಿಕೃತಿಗೆ ಹೋಗಲಾರದೆನ್ನುವವನು ಎರಡು ಯಾಗಗಳ ಭೇದವನ್ನು ತೋರಿಸಬೇಕು. ನಿಯಮದ ಇಸವಿಯು ಬೇರೆಯೆಂಬುದು ಅಂಥ ಭೇದವಾಗದೆಂದು ನಮ್ಮ ಮತ. ಕಲಮು ಅದೇ, ಅಧಿಕಾರವು ಅದೇ, ಬರೆಯುವವನೂ ಅವನೇ.

ಇದಕ್ಕಿಂತ ಹತ್ತಿರದ್ದು ಇನ್ನೊಂದಿದೆ. ೨೦೨೫ನೆಯ ಜೂನ್‌ನಲ್ಲಿ ಸುಳ್ಳುಸುದ್ದಿಯನ್ನು ನಿಷೇಧಿಸುವ ಒಂದು ಕರಡು ಮಸೂದೆಯು ನಮ್ಮ ರಾಜ್ಯದ್ದೆಂದು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅದು ಕರಡು ಮಾತ್ರವೆಂದು ಸರ್ಕಾರದವರು ಆಗಲೇ ತಿಳಿಸಿದರು. ಸುಳ್ಳುಸುದ್ದಿಗೆ ಏಳು ವರ್ಷಗಳವರೆಗೆ ಸೆರೆಯೆಂದು ಅದರಲ್ಲಿತ್ತು. ವಿಜ್ಞಾನ, ಇತಿಹಾಸ, ಧರ್ಮ, ತತ್ತ್ವ, ಸಾಹಿತ್ಯ ಇವುಗಳನ್ನು ಕುರಿತ ಬರಹಗಳು ಅಧಿಕೃತ ಸಂಶೋಧನೆಯ ಆಧಾರದಿಂದಲೇ ಇರುವಂತೆ ಒಂದು ಪ್ರಾಧಿಕಾರವು ನೋಡಿಕೊಳ್ಳಬೇಕೆಂದೂ ಇತ್ತು. ಕೆ. ಬಿ. ಪಾಠಕರು ಕವಿರಾಜಮಾರ್ಗವನ್ನು ೧೮೯೮ರಲ್ಲಿ ಪ್ರಕಟಿಸಿದಂದಿನಿಂದ ಅದರ ಕರ್ತೃವು ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ಹಿರಿಯರು ಎಷ್ಟು ಕಾಲ ಕಾದಾಡಿದರೆಂಬುದನ್ನು ಈ ವಾಚಕರಿಗೆ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಅಧಿಕೃತ ಸಂಶೋಧನೆಯು ಯಾವುದೆಂದು ಪ್ರಾಧಿಕಾರವೊಂದು ಗೊತ್ತುಮಾಡಿದ್ದರೆ, ನೃಪತುಂಗನೇ ಕರ್ತೃವೆಂಬುದಕ್ಕೆ ಎದುರುನುಡಿದ ಮೊದಲ ಲೇಖನವು ಎಲ್ಲಿ ಅಚ್ಚಾಗುತ್ತಿತ್ತು?

ಕವಿಗಳಿಗೂ ಹಾಸ್ಯಗಾರರಿಗೂ ಆ ಕರಡು ಒಂದು ವಿನಾಯಿತಿಯನ್ನು ಕೊಟ್ಟಿತ್ತು: ಸಾಮಾನ್ಯ ವಿವೇಕವುಳ್ಳ ಮನುಷ್ಯನು ಯಾವ ವಿಡಂಬನೆಯನ್ನು ವಸ್ತುಸ್ಥಿತಿಯ ಹೇಳಿಕೆಯೆಂದು ಗ್ರಹಿಸಲಾರನೋ ಅದು ಅಪರಾಧವಲ್ಲ. ಆಲಂಕಾರಿಕರು ವ್ಯಂಗ್ಯಾರ್ಥದ ಗ್ರಹಣಕ್ಕೆ ಕೇಳಿದುದು ಸಾಮಾನ್ಯ ವಿವೇಕವನ್ನಲ್ಲ, ಸಹೃದಯತ್ವವನ್ನು. ಅದು ಎಲ್ಲರಲ್ಲಿಯೂ ಇರುವುದಿಲ್ಲವೆಂದು ಅವರು ತಿಳಿದೇ ಹೇಳಿದರು. ವ್ಯಾಜಸ್ತುತಿಯಲ್ಲಿ ಸಾಮಾನ್ಯನು ವಾಚ್ಯವಾದ ಸ್ತುತಿಯಲ್ಲಿಯೇ ನಿಲ್ಲುವನು, ನಿಂದೆಯು ಸಹೃದಯನಿಗೆ ಮಾತ್ರ ಹೊಳೆಯುವುದು. ಅಲಂಕಾರವು ಉತ್ತಮವಾದಷ್ಟೂ ಇವರಿಬ್ಬರ ನಡುವಣ ಅಂತರವು ಹೆಚ್ಚುವುದು. ಈ ಅಳತೆಯ ಪ್ರಕಾರ ಕೀಳಾದ ವಿಡಂಬನೆಗೆ ವಿನಾಯಿತಿಯು ಸುಲಭವಾಗಿ ದೊರಕುವುದು, ಮೇಲಾದುದಕ್ಕೆ ದೊರಕುವುದು ಕಷ್ಟವಾಗುವುದು.